ಹಿಡಿದುಕೊಂಡ ಕ್ಲಚ್ಚು, ಬಿಚ್ಚದೇ ಬಿಡಿಸಿಕೊಟ್ಟ ಶಿವಮೊಗ್ಗದ ಗ್ಯಾರೇಜು

ಮೊದಲೇ ಹೇಳಿಬಿಡುತ್ತೇನೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಹಳೆ ಕಾರು ಇಟ್ಟುಕೊಂಡವರು ಎಷ್ಟೋ ಜನ ಇದ್ದೀರಿ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಹೊರಗೆ ತೆಗೆದಾಗ ಯಾರಾದರೂ "ಕ್ಲಚ್ ಜಾಮ್ ಆಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರೆ ಕೂಡಲೇ ಹೂಂ ಅನ್ನಬೇಡಿ. ಹಾಗೆ ಹಿಡಿದುಕೊಂಡ ಕ್ಲಚ್ಚನ್ನು ಗೇರ್‌ಬಾಕ್ಸಿನ ಒಂದು ಬೋಲ್ಟನ್ನೂ ಮುಟ್ಟದೆ ಬಿಡಿಸಿಕೊಡುವವರು ಶಿವಮೊಗ್ಗದಲ್ಲೇ ಇದ್ದಾರೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ, ಒಳಗಿನ ಸಾಲಿನಲ್ಲಿ, ತಗಡಿನ ಮಾಡಿನ ಒಂದು ಸಣ್ಣ ಗ್ಯಾರೇಜು. ಹೆಸರು ಹಾಕಬೇಡಿ ಅಂತ ಮೇಸ್ತ್ರಿಗಳೇ ಹೇಳಿದ್ದಾರೆ, ಇರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಅಲ್ಲಿ ಹೋಗಿ ಹಳೆ ಅಂಬಾಸಿಡರ್ ಕೆಲಸ ಯಾರು ಮಾಡುತ್ತಾರೆ ಅಂತ ಕೇಳಿದರೆ ಟೀ ಅಂಗಡಿಯವರೇ ತೋರಿಸುತ್ತಾರೆ.

ನಮ್ಮದು ಅಂಬಾಸಿಡರ್ ಮಾರ್ಕ್ 4. 1489 ಸಿಸಿ ಪೆಟ್ರೋಲ್ ಎಂಜಿನ್ನು, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಅಪ್ಪಯ್ಯ ಇರುವಷ್ಟು ದಿನ ಅಡಿಕೆ ಮಂಡಿಗೂ ಅದೇ, ಮದುವೆ ಮನೆಗೂ ಅದೇ, ರಾತ್ರಿ ಹೊತ್ತು ಊರಿನಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೂ ಅದೇ. ಅವರು ಹೋದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯ ಶೆಡ್ಡಿನಲ್ಲಿ ನಿಂತಿತು. ಎಂಟ್ಹತ್ತು ಮಳೆಗಾಲ ಹಾಗೇ ಕಳೆಯಿತು. ಮಾರಲು ಯಾರಿಗೂ ಮನಸ್ಸಿರಲಿಲ್ಲ, ಓಡಿಸಲು ಯಾರೂ ಊರಿನಲ್ಲಿರಲಿಲ್ಲ.

ಎಂಜಿನ್ನು ತಿರುಗಿಸುವುದು ನಾವು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಪ್ಲಗ್ ಬಿಚ್ಚಿ ಸಿಲಿಂಡರ್ ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಕೈಯಲ್ಲೇ ತಿರುಗಿಸಿ ನೋಡಿ, ಹಳೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಕಾರ್ಬ್ಯುರೇಟರ್ ತೊಳೆದು, ಹೊಸ ಬ್ಯಾಟರಿ ಕೂರಿಸಿದ ಮೇಲೆ ಸ್ಟಾರ್ಟ್ ಆಯಿತು. ಆದರೆ ಗೇರ್ ಬೀಳಲಿಲ್ಲ. ಕ್ಲಚ್ ಪೆಡಲ್ ತಳದವರೆಗೆ ಒತ್ತಿದರೂ ಕರಕರ ಅಂತ ಹಲ್ಲು ತಿಕ್ಕುವ ಸದ್ದು. ಎಂಜಿನ್ ಆಫ್ ಮಾಡಿದರೆ ಎಲ್ಲ ಗೇರೂ ಸಲೀಸಾಗಿ ಬೀಳುತ್ತಿದ್ದವು. ಹಾಗೆ ಗೇರಿನಲ್ಲಿಟ್ಟು, ಕ್ಲಚ್ ಒತ್ತಿಕೊಂಡೇ ಸೆಲ್ಫ್ ಹೊಡೆದರೆ ಗಾಡಿ ಮುಂದಕ್ಕೆ ಜಿಗಿಯುತ್ತಿತ್ತು. ಈ ಲಕ್ಷಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಹತ್ತಿರದ ಒಂದು ಗ್ಯಾರೇಜಿನವರನ್ನು ಮನೆಗೆ ಕರೆಸಿದ್ದೆವು. ಅವರು ಬಾನೆಟ್ ಎತ್ತಿ ನೋಡಿ, ಪೆಡಲನ್ನು ಒಮ್ಮೆಯೂ ಒತ್ತದೆ, ಎಂಜಿನ್ನೂ ಗೇರ್‌ಬಾಕ್ಸೂ ಇಳಿಸಿ ಕ್ಲಚ್ ಸೆಟ್ ಪೂರ್ತಿ ಬದಲಿಸಬೇಕು ಅಂದರು. ಹೇಳಿದ ಮೊತ್ತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ದುಡ್ಡಿಗಿಂತ ಹೆಚ್ಚಾಗಿ ನನಗೆ ಬೇಸರವಾಗಿದ್ದು, ಏನಾಗಿದೆ ಅಂತ ಅವರು ಪರೀಕ್ಷೆಯನ್ನೇ ಮಾಡಲಿಲ್ಲ ಅನ್ನುವುದಕ್ಕೆ. ಪಕ್ಕದ ತೋಟದ ಮಾವನವರು ಬೇರೆ, "ಸೀಮೆಎಣ್ಣೆನೋ ಡೀಸೆಲ್ಲೋ ಒಳಗೆ ಬಿಡು, ತನ್ನಿಂದ ತಾನೇ ಬಿಡ್ತದೆ" ಅನ್ನುತ್ತಿದ್ದರು. ಅದನ್ನಂತೂ ದಯವಿಟ್ಟು ಯಾರೂ ಮಾಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಸಾಗರ ರಸ್ತೆಯ ಈ ಮೇಸ್ತ್ರಿಗಳ ನಂಬರ್ ಕೊಟ್ಟಿದ್ದು ನಮ್ಮ ಅಡಿಕೆ ಮಂಡಿಯವರು. ಫೋನಿನಲ್ಲಿ ಅವರು ರೇಟ್ ಮಾತಾಡಲಿಲ್ಲ. ಬರೀ ಪ್ರಶ್ನೆ ಕೇಳಿದರು. ಪೆಡಲ್ ಒತ್ತಿದರೆ ಬಿಗಿ ಇದೆಯಾ, ಸುಮ್ನೆ ಕೆಳಗೆ ಹೋಗುತ್ತಾ? ಎಂಜಿನ್ ಆಫ್ ಇದ್ದಾಗ ಗೇರ್ ಬೀಳುತ್ತಾ? ಗಾಡಿ ನಿಂತಿದ್ದು ಸಿಮೆಂಟ್ ನೆಲದ ಮೇಲಾ, ಮಣ್ಣಿನ ಮೇಲಾ? ಕೊನೆಗೆ, "ನೋಡಮ್ಮಾ, ತುಕ್ಕಿಗೆ ಹಿಡ್ಕೊಂಡಿರಬೇಕು. ಬಿಚ್ಚದೇ ಬಿಡಿಸೋಕೆ ನೋಡೋಣ. ಬಿಡದೇ ಇದ್ರೆ ಇಳಿಸೋದು ಇದ್ದೇ ಇದೆ. ಎರಡಕ್ಕೂ ಎಷ್ಟಾಗ್ತದೆ ಅಂತ ಗಾಡಿ ನೋಡಿ ಹೇಳ್ತೀನಿ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಈ ಮಾತಿಗೇ.

ಗಾಡಿಯನ್ನು ಟ್ರಕ್ಕಿನ ಮೇಲೆ ಹೇರಿಕೊಂಡು ಮಂಡಗದ್ದೆ, ಗಾಜನೂರು ದಾರಿಯಲ್ಲಿ ಶಿವಮೊಗ್ಗಕ್ಕೆ ತಂದೆವು. ಕ್ಲಚ್ ಬಿಡದ ಗಾಡಿಯನ್ನು, ಅದರಲ್ಲೂ ವರ್ಷಗಟ್ಟಲೆ ಬ್ರೇಕ್ ಮುಟ್ಟದ ಗಾಡಿಯನ್ನು, ಹಗ್ಗ ಕಟ್ಟಿ ಎಳೆದುಕೊಂಡು ಬರುವ ಯೋಚನೆ ಬೇಡವೇ ಬೇಡ.

ಅವರು ಕೆಲಸ ಮಾಡಿದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಈ ಗ್ಯಾರೇಜಿನ ಬೆಲೆ ಇರುವುದೇ ಅದರಲ್ಲಿ.

ಮೊದಲ ಕೆಲಸ, ಕ್ಲಚ್ ನಿಜವಾಗಿಯೂ ಹಿಡಿದುಕೊಂಡಿದೆಯಾ ಅಂತ ನೋಡುವುದು. ಗೇರ್ ಬೀಳದಿರಲು ಬೇರೆ ಕಾರಣಗಳೂ ಇರುತ್ತವೆ. ಹೈಡ್ರಾಲಿಕ್ ಕ್ಲಚ್, ಅಂದರೆ ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ ಕ್ಲಚ್ ಇರುವ ಗಾಡಿಯಾದರೆ ಮಾಸ್ಟರ್ ಸಿಲಿಂಡರ್ ಅಥವಾ ಸ್ಲೇವ್ ಸಿಲಿಂಡರಿನ ರಬ್ಬರ್ ಹೋಗಿರಬಹುದು, ಲೈನಿನಲ್ಲಿ ಗಾಳಿ ಸೇರಿರಬಹುದು. ಕೇಬಲ್ಲೋ ರಾಡೋ ಇರುವ ಗಾಡಿಯಾದರೆ ಅದು ಸಡಿಲಾಗಿರಬಹುದು. ಹೀಗಾದಾಗ ಪೆಡಲ್ ಕೆಳಗೆ ಹೋದರೂ ಆ ಒತ್ತಡ ಗೇರ್‌ಬಾಕ್ಸ್ ಹತ್ತಿರ ಇರುವ ಕ್ಲಚ್ ಫೋರ್ಕಿಗೆ (ಕ್ಲಚ್ ಬಿಡಿಸುವ ಸನ್ನೆಗೆ) ಪೂರ್ತಿ ಮುಟ್ಟುವುದಿಲ್ಲ. ಮೇಸ್ತ್ರಿಗಳು ಹುಡುಗನನ್ನು ಒಳಗೆ ಕೂರಿಸಿ ಪೆಡಲ್ ಒತ್ತಿಸಿದರು. ತಾವು ಗಾಡಿಯ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಫೋರ್ಕ್ ಎಷ್ಟು ಸರಿಯುತ್ತದೆ ಅಂತ ನೋಡಿದರು. ನನಗೂ ತೋರಿಸಿದರು. ಫೋರ್ಕ್ ಸರಿಯಾಗಿಯೇ ಚಲಿಸುತ್ತಿತ್ತು. ಅಂದರೆ ಪೆಡಲಿನಿಂದ ಅಲ್ಲಿಯವರೆಗೆ ತೊಂದರೆ ಇಲ್ಲ, ಇರುವುದು ಒಳಗೇ. ಹತ್ತು ನಿಮಿಷದ ಪರೀಕ್ಷೆ. ಮೊದಲು ಬಂದವರು ಇದನ್ನು ಮಾಡಿದ್ದರೆ ಸಾಕಿತ್ತು.

ಒಳಗೆ ಆಗಿರುವುದೇನು ಅಂತ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಂಜಿನ್ನಿನ ಹಿಂದುಗಡೆ ಅದರ ಜೊತೆಗೇ ತಿರುಗುವ ಫ್ಲೈವೀಲ್, ಅದರ ಮೇಲೆ ಗೇರ್‌ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟ್, ಅದರ ಮೇಲೆ ಪ್ರೆಶರ್ ಪ್ಲೇಟ್. ಗಾಡಿ ನಿಂತಿರುವಾಗ ಸ್ಪ್ರಿಂಗಿನ ಒತ್ತಡಕ್ಕೆ ಈ ಮೂರೂ ಬಿಗಿಯಾಗಿ ಅಂಟಿಕೊಂಡೇ ಇರುತ್ತವೆ. ಪೆಡಲ್ ಒತ್ತಿದಾಗ ಮಾತ್ರ ಪ್ರೆಶರ್ ಪ್ಲೇಟ್ ಹಿಂದೆ ಸರಿದು, ನಡುವಿನ ಪ್ಲೇಟ್ ಬಿಡುವಾಗುತ್ತದೆ. ಫ್ಲೈವೀಲೂ ಪ್ರೆಶರ್ ಪ್ಲೇಟೂ ಎರಕದ ಕಬ್ಬಿಣ, ಪೇಂಟಿಲ್ಲ, ಗ್ರೀಸಿಲ್ಲ. ನಡುವಿನ ಪ್ಲೇಟಿಗೆ ಹಿಡಿತಕ್ಕೆಂದು ಹಾಕಿದ ಲೈನಿಂಗು ತೇವ ಹಿಡಿದಿಟ್ಟುಕೊಳ್ಳುತ್ತದೆ. ಒತ್ತಿಟ್ಟ ಕಬ್ಬಿಣದ ಮೇಲೆ ಒದ್ದೆ ಗೋಣಿ ಹಾಸಿಟ್ಟ ಹಾಗೆ. ತುಕ್ಕು ಎದ್ದು ಲೈನಿಂಗಿನೊಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಪೆಡಲ್ ಒತ್ತಿ ಪ್ರೆಶರ್ ಪ್ಲೇಟ್ ಹಿಂದೆ ಸರಿದರೂ ಪ್ಲೇಟ್ ಮಾತ್ರ ಫ್ಲೈವೀಲನ್ನು ಬಿಡುವುದಿಲ್ಲ.

ಈ ತೊಂದರೆ ನಮ್ಮ ಕಡೆ ಜಾಸ್ತಿ, ಬಯಲುಸೀಮೆಯಲ್ಲಿ ಕಮ್ಮಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಆರಿದ್ರೆಯಿಂದ ಹಿಡಿದು ಆಶ್ಲೇಷ ಮಳೆಯವರೆಗೆ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಬರುವಾಗ, ಶೆಡ್ಡಿನ ಮಣ್ಣು ನೆಲದ ಮೇಲೆ ನಿಂತ ಗಾಡಿಯ ಕ್ಲಚ್ ಒಣಗಿರುತ್ತದಾ? ಅದರ ಮೇಲೆ ನಾವು ಪ್ರೀತಿಯಿಂದ ಪ್ಲಾಸ್ಟಿಕ್ ಟಾರ್ಪಾಲು ಬೇರೆ ಹೊದೆಸುತ್ತೇವೆ. ಅದು ನೆಲದಿಂದ ಏಳುವ ಥಂಡಿಯನ್ನು ಒಳಗೇ ಕಟ್ಟಿಹಾಕುತ್ತದೆ.

ಪರೀಕ್ಷೆ ಮುಗಿದ ಮೇಲೆ ಅವರು ಕ್ಲಚ್ಚಿಗೆ ಕೈ ಹಾಕಲಿಲ್ಲ, ಬ್ರೇಕಿಗೆ ಕೈ ಹಾಕಿದರು. ನಾನು ಕೇಳಿದೆ, ಬಂದಿದ್ದು ಕ್ಲಚ್ ಕೆಲಸಕ್ಕಲ್ವಾ ಮೇಸ್ತ್ರಿಗಳೇ ಅಂತ. "ಕ್ಲಚ್ ಬಿಡ್ಸೋಕೆ ಬ್ರೇಕೇ ಬೇಕಮ್ಮಾ. ನಿಲ್ಲದೇ ಇರೋ ಗಾಡೀನ ಓಡಿಸಿ ಏನು ಮಾಡೋದು" ಅಂದರು. ನಾಲ್ಕೂ ಡ್ರಮ್ ತೆಗೆದರು. ಹಿಂದಿನ ಒಂದು ಚಕ್ರದಲ್ಲಿ ಬ್ರೇಕ್ ಶೂ ಕೂಡ ಹೀಗೇ ಡ್ರಮ್ಮಿಗೆ ಕಚ್ಚಿಕೊಂಡಿತ್ತು. ವೀಲ್ ಸಿಲಿಂಡರ್ ರಬ್ಬರ್‌ಗಳು, ಬ್ರೇಕ್ ಆಯಿಲ್, ಒಂದು ಹೋಸ್ ಪೈಪ್ ಬದಲಾಯಿತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಇಷ್ಟು ವರ್ಷ ನಿಂತ ಗಾಡಿಯಲ್ಲಿ ಹಳೆಯದನ್ನು ಇಟ್ಟುಕೊಳ್ಳುವ ಮಾತೇ ಇಲ್ಲ. ತೆಗೆದ ಹಳೆ ಸಾಮಾನನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟು, ನೋಡಿಕೊಳ್ಳಿ ಅಂದರು. ಇದು ನನಗೆ ತುಂಬಾ ಇಷ್ಟವಾಯಿತು.

ಆಮೇಲೆ ಕ್ಲಚ್. ಪೆಡಲನ್ನು ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಮರದ ರೀಪು ಕೊಟ್ಟು ಬಿಗಿ ಮಾಡಿ ಬಿಟ್ಟರು. ಎಂಜಿನ್ ಆಫ್. ಹಾಗಿದ್ದಾಗ ಪ್ರೆಶರ್ ಪ್ಲೇಟಿನ ಒತ್ತಡ ಇರುವುದಿಲ್ಲ, ಪ್ಲೇಟನ್ನು ಹಿಡಿದಿರುವುದು ಬರೀ ತುಕ್ಕು. ಹಗಲು ರೀಪು ತೆಗೆದು ಎಂಜಿನ್ ಓಡಿಸಿ ಚೆನ್ನಾಗಿ ಬಿಸಿ ಮಾಡುವುದು, ಆಫ್ ಮಾಡಿ ಮತ್ತೆ ರೀಪು ಕೊಟ್ಟು ತಣ್ಣಗಾಗಲು ಬಿಡುವುದು. ಬಿಸಿಗೆ ಕಬ್ಬಿಣ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ, ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಇಷ್ಟಕ್ಕೇ ಬಿಟ್ಟುಕೊಳ್ಳುತ್ತದಂತೆ. ನಮ್ಮದು ಬಿಡಲಿಲ್ಲ. ಪೆಡಲ್ ಒತ್ತಿಟ್ಟುಕೊಂಡು ಎಂಜಿನ್ನನ್ನು ಗಂಟೆಗಟ್ಟಲೆ ಓಡಿಸಬಾರದು ಅಂತಲೂ ಹೇಳಿದರು, ಹಾಗೆ ಮಾಡಿದರೆ ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ಸರಿಸುವ ರಿಲೀಸ್ ಬೇರಿಂಗ್ ಸವೆದುಹೋಗುತ್ತದೆ.

ಎರಡನೇ ಹಂತದಲ್ಲಿ ಹಿಂದಿನ ಎರಡೂ ಚಕ್ರ ನೆಲದಿಂದ ಎತ್ತಿದರು. ಇಲ್ಲಿ ನಾನು ಕಣ್ಣಿಟ್ಟು ನೋಡಿದ್ದು ಸುರಕ್ಷತೆ. ಜಾಕಿಯ ಮೇಲೆ ನಿಲ್ಲಿಸಲಿಲ್ಲ, ಆಕ್ಸಲ್ ಕೆಳಗೆ ದಪ್ಪ ಕಬ್ಬಿಣದ ಸ್ಟ್ಯಾಂಡ್ ಕೊಟ್ಟರು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡೆ. ಗಾಡಿಯ ಮುಂದೆ ಯಾರೂ ನಿಲ್ಲಬಾರದು ಅಂತ ಹುಡುಗರನ್ನೂ ನನ್ನನ್ನೂ ಪಕ್ಕಕ್ಕೆ ಕಳಿಸಿದರು. ನಂತರ ಟಾಪ್ ಗೇರಿನಲ್ಲಿಟ್ಟು, ಕ್ಲಚ್ ಒತ್ತಿಕೊಂಡೇ ಸ್ಟಾರ್ಟ್ ಮಾಡಿದರು. ಕ್ಲಚ್ ಬಿಡದ ಕಾರಣ ಹಿಂದಿನ ಚಕ್ರಗಳು ಗಾಳಿಯಲ್ಲೇ ಎಂಜಿನ್ ಜೊತೆ ತಿರುಗತೊಡಗಿದವು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಥಟ್ಟನೆ ಬ್ರೇಕ್ ಒತ್ತಿದರು. ಎಂಜಿನ್ ತಿರುಗಬೇಕು ಅನ್ನುತ್ತದೆ, ಚಕ್ರ ನಿಲ್ಲಬೇಕು ಅನ್ನುತ್ತದೆ, ಆ ಎಳೆದಾಟ ಬೀಳುವುದು ನಡುವಿನ ಪ್ಲೇಟಿನ ಮೇಲೆ. ಎಂಜಿನ್ ಬಂದ್ ಬಿತ್ತು. ಮತ್ತೆ ಸ್ಟಾರ್ಟ್, ಮತ್ತೆ ಬ್ರೇಕ್. ಇದನ್ನು ಮನೆಯಲ್ಲಿ ಇಟ್ಟಿಗೆ ಕಲ್ಲು ಜೋಡಿಸಿಕೊಂಡು ಮಾಡಲು ಹೋಗಬೇಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ. ತಿರುಗುತ್ತಿರುವ ಚಕ್ರ ನೆಲಕ್ಕೆ ತಾಗಿದರೆ ಗಾಡಿ ಎದುರಿಗೆ ಸಿಕ್ಕಿದ್ದಕ್ಕೆ ನುಗ್ಗುತ್ತದೆ.

ಅದಕ್ಕೂ ಬಿಡದಿದ್ದಾಗ ನನಗೆ ಆಸೆ ಹೋಗಿತ್ತು. ಮೇಸ್ತ್ರಿಗಳು ಮಾತ್ರ ಬಲವಂತ ಮಾಡಲಿಲ್ಲ. ಇನ್ನೂ ಜೋರಾಗಿ ಜಗ್ಗಿದರೆ ಲೈನಿಂಗ್ ಕಿತ್ತು ಪ್ಲೇಟಿನಿಂದ ಎದ್ದುಬರುತ್ತದೆ, ಆಗ ಇಳಿಸಲೇಬೇಕಾಗುತ್ತದೆ ಅಂತ ಹೇಳಿ, ಮತ್ತೆ ರೀಪು ಕೊಟ್ಟು ರಾತ್ರಿ ಬಿಟ್ಟರು.

ಮಾರನೇ ದಿನ ಬೆಳಿಗ್ಗೆ ಗಾಡಿಯನ್ನು ಹಿಂದಿನ ಖಾಲಿ ಜಾಗಕ್ಕೆ ತಳ್ಳಿಕೊಂಡು ಹೋದರು. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಫಸ್ಟ್ ಗೇರಿನಲ್ಲಿಟ್ಟು, ಸೆಲ್ಫಿನಲ್ಲೇ ಗಾಡಿ ಹೊರಡಿಸಿದರು. ಕ್ಲಚ್ ಪೂರ್ತಿ ಒತ್ತಿಕೊಂಡೇ, ಆಕ್ಸಿಲರೇಟರ್ ಒತ್ತುವುದು ಬಿಡುವುದು, ಒತ್ತುವುದು ಬಿಡುವುದು, ನಡುವೆ ಬ್ರೇಕ್ ಮುಟ್ಟಿಸುವುದು. ಗಾಡಿ ಮುಂದೆ ಹಿಂದೆ ತೂಗಾಡುತ್ತಾ ಒಂದು ಸುತ್ತು ಹೋಯಿತು. ಎರಡನೇ ಸುತ್ತಿನಲ್ಲಿ ಟಕ್ ಅಂತ ಒಂದು ಸದ್ದು. ಎಂಜಿನ್ನಿನ ಸದ್ದು ಒಮ್ಮೆಲೇ ಏರಿತು, ಗಾಡಿ ತನ್ನಷ್ಟಕ್ಕೆ ನಿಧಾನವಾಗಿ ನಿಂತಿತು, ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಹುಡುಗರು ಕೂಗಿಕೊಂಡರು. ನನ್ನ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಅಪ್ಪಯ್ಯನ ಗಾಡಿ ಅದು.

ಬಿಟ್ಟುಕೊಂಡ ಮೇಲೆ ಕೆಲಸ ಮುಗಿಯಿತು ಅಂತ ಕೀ ಕೊಟ್ಟು ಕಳಿಸಲಿಲ್ಲ. ಹಿಡಿತ ಬಿಟ್ಟರೂ ಫ್ಲೈವೀಲಿನ ಮುಖದ ಮೇಲೆ ತುಕ್ಕಿನ ಪುಡಿ ಇದ್ದೇ ಇರುತ್ತದೆ. ನಿಧಾನವಾಗಿ ಕ್ಲಚ್ ಬಿಡುತ್ತಾ ಗಾಡಿ ಹೊರಡಿಸಿ, ನಿಲ್ಲಿಸಿ, ಮತ್ತೆ ಹೊರಡಿಸಿ ಅದನ್ನು ಉಜ್ಜಿ ತೆಗೆದರು. ಎರಡು ಪರೀಕ್ಷೆ ಮಾಡಿದರು. ಒಂದು, ಎಂಜಿನ್ ಓಡುತ್ತಿರುವಾಗ ಕ್ಲಚ್ ಒತ್ತಿ ಒಂದೆರಡು ಸೆಕೆಂಡ್ ಕಾದು ರಿವರ್ಸ್ ಹಾಕುವುದು, ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ ಅಂತ ಅರ್ಥ. ಇನ್ನೊಂದು, ಏರಿನಲ್ಲಿ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿ, ಗಾಡಿಯ ವೇಗ ಏರದೆ ಎಂಜಿನ್ ಸದ್ದು ಮಾತ್ರ ಏರುತ್ತದಾ ಅಂತ ನೋಡುವುದು. ಏರಿದರೆ ಸ್ಲಿಪ್ ಆಗುತ್ತಿದೆ. ನಮ್ಮದು ಸ್ಲಿಪ್ ಆಗಲಿಲ್ಲ. ಡೀಸೆಲ್ಲೋ ಸೀಮೆಎಣ್ಣೆಯೋ ಬಿಡಬೇಡಿ ಅಂದಿದ್ದು ಇದಕ್ಕೇ. ಲೈನಿಂಗ್ ಒಮ್ಮೆ ಎಣ್ಣೆ ಕುಡಿದರೆ ತುಕ್ಕು ಬಿಟ್ಟರೂ ಹಿಡಿತ ಹೋಗಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇಗಳೂ ಅಷ್ಟೇ. ನಟ್ಟು ಬೋಲ್ಟಿಗೆ ಒಳ್ಳೆಯದು, ಕ್ಲಚ್ಚಿಗಲ್ಲ.

ಒಂದು ಸಣ್ಣ ನಡುಕ ಉಳಿದಿದೆ. ಬೆಳಿಗ್ಗೆ ಮೊದಲ ಸಲ ಗಾಡಿ ಹೊರಡುವಾಗ ಸ್ವಲ್ಪ ಅದುರುತ್ತದೆ, ಆಮೇಲೆ ಸರಿಹೋಗುತ್ತದೆ. ತುಕ್ಕು ಫ್ಲೈವೀಲಿನ ಮೇಲೆ ಗುಳಿ ಮಾಡಿದ್ದರೆ ಹೀಗಾಗುತ್ತದಂತೆ. ಇದನ್ನು ಅವರು ಮೊದಲೇ ಹೇಳಿದ್ದರು. ಜಾಸ್ತಿಯಾದರೆ ಆಗ ಇಳಿಸಿ, ಪ್ಲೇಟ್ ಬದಲಿಸಿ, ಫ್ಲೈವೀಲ್ ಮುಖ ಲೇತಿನಲ್ಲಿ ತಿರುವಿಸೋಣ, ಈಗ ಬೇಡ ಅಂದರು. ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುವುದು 2014ರಲ್ಲೇ ನಿಂತಿದೆ. ಆದರೂ ಟ್ಯಾಕ್ಸಿಯಾಗಿ ದೇಶದ ತುಂಬ ಓಡಿದ ಗಾಡಿಯಾದ್ದರಿಂದ ಸಾಮಾನು ಸಿಗುತ್ತದೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುತ್ತಾರೆ.

ಇನ್ನು ದುಡ್ಡು. ಕ್ಲಚ್ ಬಿಡಿಸಿದ್ದಕ್ಕೆ ತೆಗೆದುಕೊಂಡಿದ್ದು ಬರೀ ಲೇಬರ್, ಅದು ಮೂರು ಸಾವಿರದೊಳಗೆ. ಬ್ರೇಕ್ ಸಾಮಾನಿನದು ಬೇರೆ, ಅಂಗಡಿಯ ಬಿಲ್ ತೋರಿಸಿಯೇ ತೆಗೆದುಕೊಂಡರು. ಈ ಕೌಶಲಕ್ಕೆ ಇದು ಕಮ್ಮಿ ಅನ್ನಿಸಿ ನಾನೇ ಸ್ವಲ್ಪ ಜಾಸ್ತಿ ಕೊಟ್ಟೆ. ಅವರು ಅದನ್ನು ಹುಡುಗರ ಕೈಗೆ ಕೊಟ್ಟರು.

ಸರಿ ಇಲ್ಲದ್ದನ್ನೂ ಹೇಳಬೇಕಲ್ವಾ. ದೊಡ್ಡ ದೂರು ಒಂದಿದೆ. ಬ್ರೇಕ್ ಡ್ರಮ್ ತೆಗೆದಾಗ ಹುಡುಗರು ಒಳಗಿನ ಪುಡಿಯನ್ನು ಕಂಪ್ರೆಸರ್ ಗಾಳಿಯಲ್ಲಿ ಊದಿ ಹಾರಿಸಿದರು, ಮುಖಕ್ಕೆ ಒಂದು ಬಟ್ಟೆಯೂ ಇಲ್ಲ. ಹಳೆ ಗಾಡಿಗಳ ಬ್ರೇಕ್, ಕ್ಲಚ್ ಲೈನಿಂಗಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ತರುವಂಥದ್ದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಊದಬಾರದು. ಇದನ್ನು ಮೇಸ್ತ್ರಿಗಳಿಗೆ ನೇರವಾಗಿಯೇ ಹೇಳಿದೆ. ಗಾಡಿ ತರಲು ಹೋದಾಗ ಒಂದು ಡಬ್ಬ ಮಾಸ್ಕ್ ಕೊಟ್ಟು ಬಂದೆ. ಇಷ್ಟು ಚೆನ್ನಾಗಿ ಕೆಲಸ ಕಲಿಯುತ್ತಿರುವ ಹುಡುಗರು, ಅವರ ಎದೆ ಹಾಳಾಗಬಾರದು. ನೀವು ಹೋದರೂ ದಯವಿಟ್ಟು ಇದೇ ಮಾತು ಹೇಳಿ. ಗಿರಾಕಿಗಳು ಹೇಳುತ್ತಾ ಹೋದರೆ ಅಭ್ಯಾಸ ಆಗುತ್ತದೆ.

ಉಳಿದವು ಸಣ್ಣವು. ಹಗಲು ಹೊತ್ತು ಫೋನ್ ಎತ್ತುವುದಿಲ್ಲ. ಕೂರಲು ಜಾಗ ಇಲ್ಲ. ಬಿಲ್ ಕೇಳಿದರೆ ಮಾತ್ರ ಚೀಟಿಯಲ್ಲಿ ಬರೆದುಕೊಡುತ್ತಾರೆ. ಅರ್ಜೆಂಟ್ ಅಂದರೆ ಅವರು ಗಾಡಿ ಒಳಗೇ ತೆಗೆದುಕೊಳ್ಳುವುದಿಲ್ಲ, ಅದು ಸರಿಯೇ ಅಂತ ನನ್ನ ಅಭಿಪ್ರಾಯ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಹೋಗಿದ್ದು ಕಂಪ್ರೆಸರ್ ಗಾಳಿಗೆ.

ಮತ್ತೆ ಹಿಡಿಯದ ಹಾಗೆ ಏನು ಮಾಡಬೇಕು ಅಂತ ಕೇಳಿದ್ದಕ್ಕೆ, "ವಾರಕ್ಕೊಂದ್ಸಲ ಓಡ್ಸಿ, ಅಷ್ಟೇ ಔಷಧಿ" ಅಂದರು. ಅಂಗಳದಲ್ಲಿ ನಿಲ್ಲಿಸಿಕೊಂಡು ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದಲ್ಲ. ಹಾಗೆ ಮಾಡಿದರೆ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲಿನಲ್ಲೂ ನೀರು ನಿಲ್ಲುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು, ಎಂಟ್ಹತ್ತು ಕಿಲೋಮೀಟರ್ ಓಡಿಸಬೇಕು, ಗೇರ್ ಬದಲಿಸುತ್ತಾ ಕ್ಲಚ್ ಬಳಸಬೇಕು. ಮಳೆಗಾಲದಲ್ಲಿ ಓಡಿಸಲು ಆಗುವುದೇ ಇಲ್ಲ ಅನ್ನುವವರು ಪೆಡಲಿಗೆ ರೀಪು ಕೊಟ್ಟು ಇಡಬಹುದು, ಆಗ ಪ್ಲೇಟ್ ಬಿಗಿಯಾಗಿ ಕೂರುವುದಿಲ್ಲ. ಹೈಡ್ರಾಲಿಕ್ ಇರುವ ಗಾಡಿಯಲ್ಲಿ ತಿಂಗಳುಗಟ್ಟಲೆ ಹಾಗಿಟ್ಟರೆ ಒಳಗಿನ ರಬ್ಬರಿನ ಮೇಲೆ ಭಾರ ಬೀಳುತ್ತದೆ ಅನ್ನುವುದೂ ತಲೆಯಲ್ಲಿರಲಿ. ಟಾರ್ಪಾಲು ಬೇಡ, ಹತ್ತಿ ಬಟ್ಟೆಯ ಹೊದಿಕೆ ಸಾಕು. ಶೆಡ್ಡಿನಲ್ಲಿ ಗಾಳಿ ಆಡಬೇಕು. ನಾವು ಈಗ ನೆಲಕ್ಕೆ ಜಲ್ಲಿ ಹಾಕಿಸಿ ಸಿಮೆಂಟ್ ಮಾಡಿಸಿದ್ದೇವೆ.

ಹೋಗುವವರು ರಾತ್ರಿ ಎಂಟರ ಮೇಲೆ ಫೋನ್ ಮಾಡಿ, ಆಗ ನಿಧಾನವಾಗಿ ಮಾತಾಡುತ್ತಾರೆ. ಗಾಡಿ ಎಷ್ಟು ವರ್ಷ ನಿಂತಿತ್ತು, ಪೆಡಲ್ ಹೇಗಿದೆ, ಎಂಜಿನ್ ಆಫ್ ಇದ್ದಾಗ ಗೇರ್ ಬೀಳುತ್ತದಾ ಅನ್ನುವುದನ್ನು ಮೊದಲೇ ನೋಡಿಟ್ಟುಕೊಂಡಿರಿ, ಅವರು ಕೇಳೇ ಕೇಳುತ್ತಾರೆ. ಮಳೆ ಶುರುವಾಗುವ ಮೊದಲೇ, ಏಪ್ರಿಲ್ ಹೊತ್ತಿಗೆ ಹೋದರೆ ಒಳ್ಳೆಯದು. ಆ ಖಾಲಿ ಜಾಗ ಮಳೆಗಾಲದಲ್ಲಿ ಕೆಸರಾಗುತ್ತದೆ, ಕೆಸರಿನಲ್ಲಿ ಈ ಕೆಲಸ ಮಾಡುವುದಿಲ್ಲ ಅಂತ ಹೇಳಿದ್ದಾರೆ.